ಬಾಗಿಲ ಮೇಲಿನ ‘ನಾಳೆ ಬಾ’

ಎಲ್ಲರಿಗೂ ನಮಸ್ಕಾರ. ದೆವ್ವದ ಸಿನಿಮಾಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಒಂದು ಬಾಗಿಲಿನಿಂದ ಶುರು ಮಾಡುತ್ತೇನೆ.

90ರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ ‘ನಾಳೆ ಬಾ’ ನೆನಪಿರಬೇಕು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ತೆಗೆದರೆ ಕಥೆ ಮುಗೀತು ಅಂತ ಸುದ್ದಿ. ಅದಕ್ಕೇ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದೆವು. ಓದಿಕೊಂಡು ವಾಪಸ್ ಹೋಗುತ್ತದೆ. ಮಾರನೇ ದಿನ ಬಂದರೂ ಅದೇ ಬರಹ.

2018ರ ಹಿಂದಿ ಸಿನಿಮಾ ‘ಸ್ತ್ರೀ’ಯಲ್ಲೂ ಇಂಥದೇ ಗೋಡೆಬರಹ ಇದೆ. ಕಥೆ ನಡೆಯುವುದು ಮಧ್ಯಪ್ರದೇಶದ ಚಂದೇರಿಯಲ್ಲಿ. ಅಲ್ಲಿ ಹೆಣ್ಣು ದೆವ್ವ ಗಂಡಸರನ್ನು ಹೊತ್ತೊಯ್ಯುತ್ತದೆ, ಬಟ್ಟೆ ಮಾತ್ರ ಉಳಿಯುತ್ತದೆ. ಊರಿನ ಗಂಡಸರಿಗೆ ರಾತ್ರಿ ಒಬ್ಬರೇ ಹೊರಗೆ ಕಾಲಿಡೋಕೆ ಭಯ. ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗಿ ನೋಡೋ ಹಾಗಿಲ್ಲ. ಥಿಯೇಟರಿನಲ್ಲಿ ಜನ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿದ್ದ ನನ್ನ ತಂಗಿ ನಗಲಿಲ್ಲ. ‘ಅಕ್ಕ, ನಾವು ದಿನಾ ಮಾಡೋದು ಇದೇ ಅಲ್ವಾ?’ ಅಂದಳು.

ಹೌದಲ್ಲ! ಕಾಲೇಜಿಗೆ ಹೊರಟಾಗ ಅಮ್ಮ ನನ್ನ ದುಪಟ್ಟಾಕ್ಕೆ ಒಂದು ಪಿನ್ನು ಜಾಸ್ತಿ ಚುಚ್ಚುತ್ತಿದ್ದರು. ಬಸ್ಸಿನಲ್ಲಿ ಬೇಕಾಗುತ್ತೆ ಅಂತಷ್ಟೇ ಹೇಳುತ್ತಿದ್ದರು. ಯಾಕೆ ಅಂತ ನಾನೂ ಕೇಳಲಿಲ್ಲ. ರಾತ್ರಿ ಆಟೋ ಹತ್ತಿದರೆ ಇವತ್ತಿಗೂ ಫೋನ್ ಕಿವಿಗಿಟ್ಟುಕೊಂಡು ‘ಹಾಂ, ಐದೇ ನಿಮಿಷ, ಗೇಟ್ ಹತ್ರ ನಿಂತಿರು’ ಅನ್ನುತ್ತೇನೆ. ಆ ಕಡೆ ಯಾರೂ ಇರುವುದಿಲ್ಲ.

ಇದು ಹೊರಗಿನ ಭಯ. ಒಳಗಿನದು ಬೇರೆ. 2020ರ ಇಂಗ್ಲಿಷ್ ಸಿನಿಮಾ ‘ದಿ ಇನ್‌ವಿಸಿಬಲ್ ಮ್ಯಾನ್’ ಶುರುವಾಗುವುದೇ ಅಲ್ಲಿಂದ. ನಡುರಾತ್ರಿ. ಒಬ್ಬಳು ಕಣ್ಣು ಬಿಟ್ಟುಕೊಂಡು ಮಲಗಿದ್ದಾಳೆ. ತನ್ನ ಮೇಲಿರುವ ಗಂಡಸಿನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಡುತ್ತಾಳೆ. ಆ ಮನೆಯಲ್ಲಿ ಅಷ್ಟು ದಿನ ಏನೇನು ನಡೆಯಿತು ಅಂತ ತೋರಿಸುವುದೇ ಇಲ್ಲ. ಅವಳು ಆ ಕೈ ಎತ್ತುವ ರೀತಿ ನೋಡಿದರೆ ಸಾಕು. ಆಮೇಲೆ ಕ್ಯಾಮೆರಾ ಸುಮ್ನೆ ಖಾಲಿ ಮೂಲೆಗಳ ಕಡೆ ತಿರುಗುತ್ತದೆ. ಕಣ್ಣಿಗೆ ಕಾಣದಿದ್ದರೂ ಅವನು ಇಲ್ಲೇ ಇದ್ದಾನೆ ಅಂತ ಅವಳು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ನನಗೆ ಮೈ ನಡುಗಿದ್ದು ಅದಕ್ಕೇ.

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ. ಅದರ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಆ ಸಮೀಕ್ಷೆಯಲ್ಲಿ ದೇಶದಲ್ಲೇ ಜಾಸ್ತಿ ನಮ್ಮಲ್ಲಿ. ‘ನಮ್ಮವರದೇ ದನಿಯಲ್ಲಿ ಕರೆಯುತ್ತದೆ’ ಅನ್ನುತ್ತಿದ್ದರಲ್ಲ, ಆ ಕಥೆ ಕಟ್ಟಿದವರಿಗೆ ಏನೋ ಗೊತ್ತಿತ್ತು ಅನ್ನಿಸುತ್ತದೆ.

ನಮ್ಮ ವಠಾರದಲ್ಲಿ ಒಬ್ಬರು ಆಂಟಿ ಇದ್ದರು. ದಿನಾ ಸಂಜೆ ಸೀಮೆಸುಣ್ಣ ಹಿಡಿದು ‘ನಾಳೆ ಬಾ’ ಅಂತ ದುಂಡಗೆ ಬರೆಯುತ್ತಿದ್ದರು. ನಾವು ಮಕ್ಕಳೆಲ್ಲ ಸುತ್ತ ನಿಂತು ಹರಟೆ ಹೊಡೆಯುತ್ತಿದ್ದೆವು. ಒಂಬತ್ತರ ಹೊತ್ತಿಗೆ ಬೀದಿ ತಿರುವಿನಲ್ಲಿ ಅಂಕಲ್ ಸ್ಕೂಟರಿನ ಸದ್ದು ಕೇಳುತ್ತಿತ್ತು. ಆಂಟಿಯ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನಮ್ಮನ್ನೆಲ್ಲ ಮನೆಗೆ ಕಳಿಸಿ, ಸೆರಗು ಸರಿಮಾಡಿಕೊಂಡು, ಬಾಗಿಲು ತೆಗೆದು ಹಿಡಿದು ನಿಲ್ಲುತ್ತಿದ್ದರು.