ಇಪ್ಪತ್ತಾರು ಹೌದು, ಒಂದು ಬೇಡ

ಎಲ್ಲರಿಗೂ ನಮಸ್ಕಾರ. ಯುರೋಪಿಯನ್ ಒಕ್ಕೂಟ ಹುಟ್ಟಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಕಲ್ಲಿದ್ದಲು, ಉಕ್ಕಿನ ಹಳೆಯ ಒಪ್ಪಂದದಿಂದ ಮತ್ತೆ ಶುರು ಮಾಡುವುದಿಲ್ಲ. ನೇರವಾಗಿ ಒಂದು ಕೋಣೆಗೆ ಹೋಗೋಣ.

2023ರ ಡಿಸೆಂಬರ್ 14, ಬ್ರಸೆಲ್ಸ್. 27 ದೇಶಗಳ ನಾಯಕರು ಕೂತಿದ್ದಾರೆ. ಉಕ್ರೇನ್ ಜೊತೆ ಸದಸ್ಯತ್ವದ ಮಾತುಕತೆ ಶುರು ಮಾಡಬೇಕೇ ಎಂಬುದು ಪ್ರಶ್ನೆ. ಇಂಥ ತೀರ್ಮಾನಕ್ಕೆ ಎಲ್ಲರ ಒಪ್ಪಿಗೆ ಬೇಕು, ಒಬ್ಬರು ಬೇಡ ಎಂದರೂ ನಿಂತುಹೋಗುತ್ತದೆ. 26 ಮಂದಿ ಹೌದು ಎನ್ನುತ್ತಾರೆ. ಹಂಗೇರಿಯ ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಒಬ್ಬರೇ ಬೇಡ ಎನ್ನುತ್ತಾರೆ. ಎಷ್ಟು ಹೇಳಿದರೂ ಕದಲಲಿಲ್ಲ. ಕೊನೆಗೆ ಜರ್ಮನಿಯ ಆಗಿನ ಚಾನ್ಸಲರ್ ಓಲಾಫ್ ಶೋಲ್ಜ್, ಸ್ವಲ್ಪ ಹೊರಗೆ ಹೋಗಿ ಕಾಫಿ ಕುಡಿದು ಬನ್ನಿ ಎಂದು ಸಲಹೆ ಕೊಟ್ಟರಂತೆ. ಓರ್ಬಾನ್ ಎದ್ದು ಹೋದರು. ಅವರು ಹೊರಗಿದ್ದಾಗ, ಬೇಡ ಎನ್ನುವವರು ಕೋಣೆಯಲ್ಲಿ ಇಲ್ಲದ್ದರಿಂದ, ಉಳಿದ 26 ಮಂದಿ ತೀರ್ಮಾನ ಮಾಡಿ ಮುಗಿಸಿದರು! ನೀವು ನಗುತ್ತಿದ್ದೀರಿ, ಮೊದಲ ಸಲ ಓದಿದಾಗ ನಾನೂ ನಕ್ಕಿದ್ದೆ. ಆಮೇಲೆ ಕಸಿವಿಸಿಯಾಯಿತು. ಸುಮಾರು 45 ಕೋಟಿ ಜನರ ಒಕ್ಕೂಟ, ಬಾಂಬ್ ಬೀಳುತ್ತಿರುವ ಒಂದು ದೇಶದ ನಾಳೆ, ಎರಡೂ ಒಂದು ಕಪ್ ಕಾಫಿಯನ್ನು ನಂಬಿಕೊಂಡು ನಿಂತಿದ್ದವಲ್ಲ!

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅದೇ ರಾತ್ರಿ ಉಕ್ರೇನಿಗೆ 5,000 ಕೋಟಿ ಯುರೋ ನೆರವಿನ ವಿಷಯ ಬಂತು. ಈ ಸಲ ಓರ್ಬಾನ್ ಕಾಫಿಗೆ ಹೋಗಲಿಲ್ಲ. ಬೇಡ ಎಂದರು, ನಿಂತೇ ಹೋಯಿತು. ಒಪ್ಪಿಗೆ ಸಿಕ್ಕಿದ್ದು 2024ರ ಫೆಬ್ರವರಿ 1ಕ್ಕೆ.

ನಾನು ಹೇಳಬೇಕೆಂದು ಬಂದದ್ದು ಇಷ್ಟೇ. 26 'ಹೌದು'ಗಳಿಗಿಂತ ಒಂದು 'ಬೇಡ' ಜಾಸ್ತಿ ತೂಗಬಾರದು.

ಒಂದೇ ದೇಶ ತಡೆಯಬಲ್ಲ ಈ ಅಧಿಕಾರ, ಅಂದರೆ ವೀಟೊ, ಹೋದರೆ ಸಣ್ಣ ದೇಶಗಳ ಗತಿ ಏನು ಎಂದು ಕೇಳುತ್ತೀರಿ. ಅದು ಸುಮ್ನೆ ತಳ್ಳಿಹಾಕುವ ಭಯ ಅಲ್ಲ. ಲೋಕಸಭಾ ಕ್ಷೇತ್ರ ಮರುವಿಂಗಡಣೆ ಎಂದ ಕೂಡಲೇ 28 ಸೀಟಿನ ನಮಗೂ ಎದೆ ಡವಗುಟ್ಟುತ್ತದೆ, ಅಲ್ವಾ? ಆದರೆ ಸಣ್ಣವರನ್ನು ಕಾಯಲು ಅಲ್ಲಿ ಬೇರೆ ದಾರಿ ಆಗಲೇ ಇದೆ. ಯುರೋಪಿನ ಸಂಸತ್ತಿನಲ್ಲಿ ಜರ್ಮನಿಗೆ 96 ಸೀಟು, ಪುಟ್ಟ ಮಾಲ್ಟಾಗೆ 6. ಜರ್ಮನಿಯ ಒಬ್ಬ ಸದಸ್ಯನ ಹಿಂದೆ ಎಂಟೂವರೆ ಲಕ್ಷಕ್ಕಿಂತ ಜಾಸ್ತಿ ಜನರಿದ್ದರೆ, ಮಾಲ್ಟಾದ ಸದಸ್ಯನ ಹಿಂದೆ ಸುಮಾರು ಒಂದೇ ಲಕ್ಷ. ಇನ್ನು ಸರ್ಕಾರಗಳ ಮಂಡಳಿಯಲ್ಲಿ ಬಹುಮತದಿಂದ ತೀರ್ಮಾನವಾಗುವ ವಿಷಯಗಳಿಗೆ 27ರಲ್ಲಿ 15 ದೇಶ ಒಪ್ಪಬೇಕು, ಅವುಗಳಲ್ಲಿ ಒಕ್ಕೂಟದ 65 ಶೇಕಡಾ ಜನರೂ ಇರಬೇಕು. ತಡೆಯಬೇಕಾದರೆ ಕನಿಷ್ಠ 4 ದೇಶ ಬೇಕು. ಈ ನಾಲ್ಕು ಎಂಬ ಅಂಕಿ ನನಗೆ ತುಂಬಾ ಇಷ್ಟ. ಜರ್ಮನಿ, ಫ್ರಾನ್ಸ್, ಇಟಲಿ ಮೂರೂ ಸೇರಿದರೆ ಜನಸಂಖ್ಯೆಯ ಲೆಕ್ಕದಲ್ಲಿ ಏನನ್ನು ಬೇಕಾದರೂ ನಿಲ್ಲಿಸಬಹುದಿತ್ತು, ಆದರೆ ನಾಲ್ಕನೆಯ ದೇಶ ಬಂದು ಕೈ ಎತ್ತದೆ ಅವರಿಂದಲೂ ಆಗುವುದಿಲ್ಲ.

ವೀಟೊ ಸಣ್ಣವರ ಆಯುಧ ಎನ್ನುವುದೂ ಪೂರ್ತಿ ನಿಜವಲ್ಲ. 1965ರಲ್ಲಿ ಕೃಷಿ ನೀತಿಯ ಹಣದ ಜಗಳದಲ್ಲಿ ಮುನಿಸಿಕೊಂಡು ಕುರ್ಚಿ ಖಾಲಿ ಬಿಟ್ಟವರು ಯಾರು? ಅಧ್ಯಕ್ಷ ಡಿ ಗಾಲ್ ಅವರ ಫ್ರಾನ್ಸ್! ಆರು ತಿಂಗಳು ಮಂಡಳಿಯ ಸಭೆಗೇ ಬರಲಿಲ್ಲ. 1966ರ ಜನವರಿಯಲ್ಲಿ ಲಕ್ಸೆಂಬರ್ಗಿನಲ್ಲಿ ರಾಜಿಯಾಗಿ, ಬಹುಮತದ ಮತದಾನ ವರ್ಷಗಟ್ಟಲೆ ಮೂಲೆ ಸೇರಿತು.

ಇನ್ನೂ ಹಿಂದೆ ಪೋಲೆಂಡಿನ ಸಂಸತ್ತಿನಲ್ಲಿ ಒಬ್ಬ ಸದಸ್ಯ ಎದ್ದು "ನಾನು ಒಪ್ಪುವುದಿಲ್ಲ" ಎಂದರೆ ಇಡೀ ಅಧಿವೇಶನವೇ ಮುಗಿಯುತ್ತಿತ್ತು. ಅದನ್ನು ಸ್ವಾತಂತ್ರ್ಯ ಎಂದುಕೊಂಡಿದ್ದರು. ನೆರೆಯ ರಾಜರಿಗೆ ಒಬ್ಬನಿಗೆ ಲಂಚ ಕೊಟ್ಟರೆ ಸಾಕಿತ್ತು. 1791ರ ಮೇ 3ರ ಸಂವಿಧಾನ ಆ ಪದ್ಧತಿಯನ್ನು ತೆಗೆದುಹಾಕಿತು. ತಡವಾಗಿತ್ತು. 1795ರಲ್ಲಿ ಪೋಲೆಂಡ್ ನಕ್ಷೆಯಲ್ಲೇ ಇರಲಿಲ್ಲ. 26ಕ್ಕಿಂತ ಒಂದು ಜಾಸ್ತಿ ತೂಗಬಾರದು ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಚೀಟಿ ಬಂತು, ಐದು ನಿಮಿಷ ಅಂತೆ. ತೆರಿಗೆ, ಸೇನೆಯ ವಿಷಯ ಬಿಡುತ್ತೇನೆ. ವೀಟೊ ತೆಗೆಯಲೂ ಎಲ್ಲರ ಒಪ್ಪಿಗೆ ಬೇಕು, ಅದೇ ದೊಡ್ಡ ಗಂಟು. ಬಿಡಿಸುವ ಬಗೆಯನ್ನು ಪ್ರಶ್ನೋತ್ತರದಲ್ಲಿ ಮಾತಾಡೋಣ.

ಒಂದನ್ನು ಮಾತ್ರ ಹೇಳದೆ ಇಳಿಯಲಾರೆ. ಮ್ಯಾಸಿಡೋನಿಯಾ 2005ರಲ್ಲೇ ಒಕ್ಕೂಟದ ಸದಸ್ಯತ್ವಕ್ಕೆ ಅಭ್ಯರ್ಥಿ ದೇಶವಾಯಿತು. ನಿಮ್ಮ ಹೆಸರು ಸರಿಯಿಲ್ಲ ಎಂದು ಗ್ರೀಸ್ ತಡೆಯಿತು. ಆ ಜನ 2019ರಲ್ಲಿ ತಮ್ಮ ದೇಶದ ಹೆಸರನ್ನೇ ಉತ್ತರ ಮ್ಯಾಸಿಡೋನಿಯಾ ಎಂದು ಬದಲಿಸಿಕೊಂಡರು. ದೇಶದ ಹೆಸರು! 2020ರಲ್ಲಿ ಬಲ್ಗೇರಿಯಾ ಎದ್ದು ನಿಂತು, ನಿಮ್ಮ ಭಾಷೆ, ಇತಿಹಾಸದ ಬಗ್ಗೆ ನಮಗೆ ತಕರಾರಿದೆ, ಬೇಡ ಎಂದಿತು.