ಬಿಳಿ ಚೆಂಡು ಯಾಕೆ ನಿಲ್ಲಲಿಲ್ಲ?

ಕೇಳುಗರೆಲ್ಲರಿಗೂ ನಮಸ್ಕಾರ.

ಪೂಲ್ ಅಂದರೆ ಟೇಬಲ್ಲಿನ ಮೇಲೆ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಅಂಚಿನ ಕುಳಿಗಳಿಗೆ, ಅಂದರೆ ಪಾಕೆಟ್ಟುಗಳಿಗೆ, ಬೀಳಿಸುವ ಆಟ. ಅದರಲ್ಲಿ ಸ್ಟಾಪ್ ಶಾಟ್ ಅಂತ ಒಂದು ಹೊಡೆತವಿದೆ. ಬಿಳಿ ಚೆಂಡು ಉರುಳದೆ ಜಾರುತ್ತಾ ಬಂದು ಎದುರಿನ ಚೆಂಡಿಗೆ ನಟ್ಟನಡುವೆ ತಾಗಬೇಕು. ಬಣ್ಣದ ಚೆಂಡು ಪಾಕೆಟ್ಟಿಗೆ ಹೋಗುತ್ತದೆ, ಬಿಳಿಯದು ತಾಗಿದಲ್ಲೇ ಗೂಟ ಹೊಡೆದಂತೆ ನಿಲ್ಲುತ್ತದೆ. ಬೆಂಗಳೂರಿನ ಒಂದು ಪೂಲ್ ಪಾರ್ಲರಿನಲ್ಲಿ ಸಂಜೆಯಿಡೀ ನಾನು ಇದನ್ನೇ ಹೊಡೆದೆ. ಒಂದು ಸಲವೂ ಬಿಳಿ ಚೆಂಡು ನಿಲ್ಲಲಿಲ್ಲ. ಪ್ರತಿ ಸಲವೂ ಎರಡು ಮೂರು ಬೆರಳಿನಷ್ಟು ಮುಂದಕ್ಕೆ ತೆವಳುತ್ತಿತ್ತು. ಕೈ ಕೆಟ್ಟಿತು ಅಂದುಕೊಂಡು ಮನೆಗೆ ಬಂದೆ, ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಬಣ್ಣದ ಚೆಂಡುಗಳು 161, 162 ಗ್ರಾಂ ತೂಗಿದವು. ಬಿಳಿಯದು 170. ಅಲ್ಲಿ ಟೇಬಲ್ ನೋಡಿಕೊಳ್ಳುವ ಮಾರ್ಕರ್ ಬಗ್ಗಿ ನೋಡಿ, "ಹಳೇದು ಕಳೆದುಹೋಯ್ತು ಸಾರ್, ಇದು ಬೇರೆ ಸೆಟ್ಟಿಂದು" ಅಂದ.

ಎಂಟೊಂಬತ್ತು ಗ್ರಾಂ ಅಂದರೆ ಎಷ್ಟು ಮಹಾ ಅನ್ನಿಸಬಹುದು. ಆದರೆ ಪೂಲ್ ನಿಂತಿರುವುದೇ ಸಮತೂಕದ ಮೇಲೆ. ಸಮತೂಕದ ಎರಡು ಚೆಂಡು ನೇರವಾಗಿ ತಾಗಿದಾಗ ಮೊದಲನೆಯದು ತನ್ನ ವೇಗವನ್ನು ಬಹುಪಾಲು ಪೂರ್ತಿಯಾಗಿ ಎರಡನೆಯದಕ್ಕೆ ಕೊಟ್ಟುಬಿಡುತ್ತದೆ. ಬಿಳಿಯದು ಭಾರವಾದರೆ ಸ್ವಲ್ಪ ವೇಗ ತನ್ನಲ್ಲೇ ಉಳಿಸಿಕೊಂಡು ಮುಂದೆ ಹೋಗುತ್ತದೆ, ಹಗುರವಾದರೆ ಹಿಂದಕ್ಕೆ ಪುಟಿಯುತ್ತದೆ. ಓರೆಯಾಗಿ ತಾಗಿಸುವಾಗಲೂ ಹಾಗೆಯೇ. ಸಮತೂಕವಿದ್ದು, ಬಿಳಿ ಚೆಂಡು ಉರುಳದೆ ಜಾರುತ್ತಾ ಬಂದು ತಾಗಿದರೆ, ಎರಡೂ ಚೆಂಡು ಹೆಚ್ಚುಕಡಿಮೆ 90 ಡಿಗ್ರಿ ಕೋನದಲ್ಲಿ ಬೇರೆಯಾಗುತ್ತವೆ. ನಾವು ಮುಂದಿನ ಚೆಂಡಿನ ಯೋಜನೆ ಹಾಕುವುದೇ ಆ ಕೋನವನ್ನು ನಂಬಿಕೊಂಡು. ಭಾರದ ಬಿಳಿ ಚೆಂಡು ಆ ಗೆರೆಗಿಂತ ಮುಂದಕ್ಕೆ ಸರಿಯುತ್ತದೆ, ಒಮ್ಮೊಮ್ಮೆ ಸೀದಾ ಮೂಲೆ ಪಾಕೆಟ್ಟಿಗೇ ಬೀಳುತ್ತದೆ.

ನಿಯಮ ಏನನ್ನುತ್ತದೆ ನೋಡಿ. ಪೂಲ್ ಚೆಂಡಿನ ವ್ಯಾಸ ಎರಡೂಕಾಲು ಇಂಚು, ಅಂದರೆ 57.15 ಮಿಲಿಮೀಟರ್. ತೂಕ ಐದೂವರೆಯಿಂದ ಆರು ಔನ್ಸ್, ಸುಮಾರು 156ರಿಂದ 170 ಗ್ರಾಂ. ಹಾಗಾಗಿ ನನ್ನನ್ನು ಕಾಡಿದ ಆ ಚೆಂಡೊಂದನ್ನೇ ನೋಡಿದರೆ ತಪ್ಪಿನದಲ್ಲ! ಪೂಲಿನಂಥದೇ ಇನ್ನೊಂದು ಆಟವಾದ ಸ್ನೂಕರಿನ ನಿಯಮ ನನಗೆ ಹೆಚ್ಚು ಇಷ್ಟ. ಅಲ್ಲಿ ವ್ಯಾಸ 52.5 ಮಿಲಿಮೀಟರ್ ಅಂತ ಗೊತ್ತುಮಾಡಿದ್ದಾರೆ, ತೂಕ ಇಷ್ಟೇ ಇರಬೇಕು ಅಂತ ಹೇಳಿಲ್ಲ. ಒಂದು ಸೆಟ್ಟಿನ ಚೆಂಡುಗಳ ನಡುವೆ 3 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ಅಷ್ಟೆ. ಚೆಂಡಿನ ತೂಕ ಎಷ್ಟು ಅನ್ನುವುದಕ್ಕಿಂತ ಜೊತೆಯ ಚೆಂಡಿಗೆ ಅದು ಹೊಂದುತ್ತದೆಯೇ ಅನ್ನುವುದು ಮುಖ್ಯ ಅನ್ನುವುದನ್ನು ಅವರು ಸರಿಯಾಗಿ ಹಿಡಿದಿದ್ದಾರೆ.

ಗಾತ್ರದ್ದು ಇನ್ನೂ ಸೂಕ್ಷ್ಮ. ವ್ಯಾಸ ನೂರಕ್ಕೆ ಒಂದು ಪಾಲು ಹೆಚ್ಚಾದರೆ ತೂಕ ಮೂರು ಪಾಲು ಹೆಚ್ಚುತ್ತದೆ. ಬ್ರಿಟನ್ನಿನ ಪಬ್‌ಗಳಲ್ಲಿ ನಾಣ್ಯ ಹಾಕಿ ಆಡುವ ಟೇಬಲ್‌ಗಳಿವೆ. ಒಳಗೆ ಬಿದ್ದ ಚೆಂಡು ಒಳಗೇ ಉಳಿಯಬೇಕು, ಬಿಳಿಯದು ಮಾತ್ರ ವಾಪಸ್ ಬರಬೇಕು. ಅದಕ್ಕೆ ಅವರು ಬಿಳಿಯದನ್ನು ಚಿಕ್ಕದು ಮಾಡಿದರು. ಬೇರೆ ಚೆಂಡು ಎರಡು ಇಂಚು, ಬಿಳಿಯದು ಒಂದು ಇಂಚು ಮತ್ತು ಎಂಟರಲ್ಲಿ ಏಳು ಭಾಗ. ವ್ಯತ್ಯಾಸ ಇಂಚಿನ ಎಂಟನೆಯ ಒಂದು ಭಾಗ ಮಾತ್ರ, ತೂಕದಲ್ಲಿ ಮಾತ್ರ ಹದಿನೇಳು ಹದಿನೆಂಟು ಶೇಕಡಾ ಕಡಿಮೆ. ಅಲ್ಲಿ ತಾಗಿದ ಮೇಲೆ ಬಿಳಿಯದನ್ನು ಹಿಂದಕ್ಕೆ ಎಳೆಯುವ ಹೊಡೆತ ಸಲೀಸು, ಮುಂದಕ್ಕೆ ಓಡಿಸುವುದು ಕಷ್ಟ. ಅಮೆರಿಕದ ಬಾರ್ ಟೇಬಲ್‌ಗಳಲ್ಲಿ ಹಲವು ಕಡೆ ತದ್ವಿರುದ್ಧವಾಗಿ ದೊಡ್ಡ ಬಿಳಿ ಚೆಂಡು ಇಟ್ಟರು. ಅಲ್ಲಿ ಎಳೆಯಬೇಕಾದರೆ ತೋಳು ಸೋಲುತ್ತದೆ.

ಚೆಂಡು ಚಿಕ್ಕದೋ ದೊಡ್ಡದೋ ಆದರೆ ತಾಗುವ ಜಾಗವೂ ಬದಲಾಗುತ್ತದೆ. ದೊಡ್ಡ ಬಿಳಿ ಚೆಂಡು ಎದುರಿನದರ ನಡುಮಟ್ಟಕ್ಕಿಂತ ಮೇಲೆ ತಾಗಿ ಅದನ್ನು ಟೇಬಲ್ಲಿನ ಬಟ್ಟೆಯತ್ತ ಒತ್ತುತ್ತದೆ. ಕುಷನ್, ಅಂದರೆ ಟೇಬಲ್ಲಿನ ಅಂಚಿನ ರಬ್ಬರ್ ದಂಡೆ, ಅದರ ಮೂತಿಯ ಎತ್ತರವನ್ನೂ ಚೆಂಡಿನ ವ್ಯಾಸಕ್ಕೆ ಹೊಂದಿಸಿಯೇ ಇಟ್ಟಿರುತ್ತಾರೆ, ವ್ಯಾಸದ ಸುಮಾರು 63.5 ಶೇಕಡಾ ಮಟ್ಟಕ್ಕೆ. ಪೂಲ್ ಟೇಬಲ್ಲಿನ ಮೇಲೆ ಸ್ನೂಕರ್ ಚೆಂಡು ಉರುಳಿಸಿದರೆ ಕುಷನ್ ಅದಕ್ಕೆ ಇನ್ನೂ ಮೇಲೆ ತಾಗಿ ಕೆಳಕ್ಕೆ ಒತ್ತುತ್ತದೆ, ಪುಟಿತ ಕುಗ್ಗುತ್ತದೆ. ಮಿಶ್ರ ಸೆಟ್ಟಿನ ಚೆಂಡುಗಳನ್ನು ಆಟದ ಆರಂಭಕ್ಕೆ ತ್ರಿಕೋನವಾಗಿ ಜೋಡಿಸಿದರೂ ಅವುಗಳ ನಡುವೆ ಕೂದಲೆಳೆಯ ಸಂದು ಉಳಿದು, ಬ್ರೇಕ್, ಅಂದರೆ ಮೊದಲ ಹೊಡೆತ, ಹೊಡೆದಾಗ ಗುಂಪು ಸರಿಯಾಗಿ ಚದುರುವುದಿಲ್ಲ.

ತಕ್ಕಡಿ ಇಲ್ಲದಿದ್ದರೂ ನೋಡುವುದು ಸುಲಭ. ಟೇಬಲ್ಲಿನ ಮೇಲೆ ಎರಡು ಬಣ್ಣದ ಚೆಂಡುಗಳ ನಡುವೆ ಬಿಳಿಯದನ್ನು ಸಾಲಾಗಿ ತಾಗಿಸಿಡಿ. ಮೂರರ ಮೇಲೂ ಅಡ್ಡಲಾಗಿ ಒಂದು ಸ್ಕೇಲ್ ಇಡಿ. ಸ್ಕೇಲ್ ಅತ್ತಿತ್ತ ತೂಗಾಡಿದರೆ ಬಿಳಿಯದು ದೊಡ್ಡದು. ಸ್ಕೇಲಿಗೂ ಬಿಳಿಯದಕ್ಕೂ ನಡುವೆ ಬೆಳಕು ಇಣುಕಿದರೆ ಚಿಕ್ಕದು. ಪ್ರತಿ ಹೊಡೆತವೂ ಅದರ ಮೇಲೇ ಬೀಳುವುದರಿಂದ ಹಳೆಯ ಸೆಟ್ಟಿನಲ್ಲಿ ಬಿಳಿಯದೇ ಬೇಗ ಸವೆಯುತ್ತದೆ.

ಆ ದಿನ ಮಾರ್ಕರ್ ಕಪಾಟಿನ ಮೂಲೆಯಿಂದ ಹಳದಿ ತಿರುಗಿದ ಒಂದು ಬಿಳಿ ಚೆಂಡು ಹುಡುಕಿ ತಂದ. ತಕ್ಕಡಿ 162 ತೋರಿಸಿತು. ಅದೇ ಹೊಡೆತ ಹೊಡೆದೆ. ಬಣ್ಣದ್ದು ಪಾಕೆಟ್ಟಿಗೆ ಹೋಯಿತು, ಬಿಳಿಯದು ನಿಂತಿತು.

ನಮಸ್ಕಾರ.