ರಾತ್ರಿ ಹಾರುವ ಸರಕು: ಪ್ರಾದೇಶಿಕ ಕಾರ್ಗೋ ವಿಮಾನ ಸೇವೆ ನಡೆಯುವ ಬಗೆ

ಎಲ್ಲರಿಗೂ ನಮಸ್ಕಾರ.

1949ರ ಜನವರಿ 30ರಂದು ನಮ್ಮ ದೇಶದಲ್ಲಿ ರಾತ್ರಿ ವಿಮಾನ ಅಂಚೆ ಶುರುವಾಯಿತು. ದೆಹಲಿ, ಬೊಂಬಾಯಿ, ಕಲ್ಕತ್ತಾ, ಮದ್ರಾಸುಗಳಿಂದ ಟಪಾಲು ಹೊತ್ತ ವಿಮಾನಗಳು ರಾತ್ರಿ ನಾಗಪುರದಲ್ಲಿ ಇಳಿದು, ಚೀಲಗಳನ್ನು ಅದಲುಬದಲು ಮಾಡಿಕೊಂಡು ಮರಳುತ್ತಿದ್ದವು. ಅಮೆರಿಕದ ಪಾರ್ಸೆಲ್ ಸಂಸ್ಥೆ ಫೆಡೆಕ್ಸ್ ಮೆಂಫಿಸ್ ನಗರವನ್ನು ಹಬ್ (ಎಲ್ಲ ವಿಮಾನಗಳೂ ಬಂದು ಸರಕು ಬದಲಿಸಿಕೊಳ್ಳುವ ನಡುಕೇಂದ್ರ) ಮಾಡಿಕೊಂಡು ಇದೇ ರೀತಿ ಹಾರಾಟ ಆರಂಭಿಸಿದ್ದು 1973ರ ಏಪ್ರಿಲ್‌ನಲ್ಲಿ. ಮೊದಲ ರಾತ್ರಿ 14 ವಿಮಾನ, 186 ಪೊಟ್ಟಣ. ಅದಕ್ಕಿಂತ 24 ವರ್ಷ ಮೊದಲೇ ನಮ್ಮ ಅಂಚೆಯವರು ಈ ಲೆಕ್ಕ ಹಾಕಿದ್ದರು. ಇದು ಹೆಮ್ಮೆಯಿಂದ ಹೇಳಬೇಕಾದ ಮಾತು.

ಲೆಕ್ಕ ಸರಳ. ಹತ್ತು ಊರುಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಲು 45 ಮಾರ್ಗ ಬೇಕು. ನಡುವೆ ಒಂದು ಹಬ್ ಇಟ್ಟರೆ ಹತ್ತೇ ಸಾಕು. ಬೆಲೆ ತೆರಬೇಕಾದದ್ದು ಸಮಯದಲ್ಲಿ: ಒಂದು ವಿಮಾನ ತಡವಾದರೆ ಉಳಿದ ಒಂಬತ್ತೂ ಕಾಯಬೇಕು, ಇಲ್ಲವೇ ಅದರ ಸರಕನ್ನು ಬಿಟ್ಟು ಹೊರಡಬೇಕು. ಚಳಿಗಾಲದಲ್ಲಿ ದೆಹಲಿಗೆ ಮಂಜು ಕವಿದಾಗ ಹಬ್‌ನಲ್ಲಿರುವವರು ಈ ತೀರ್ಮಾನವನ್ನು ಕೆಲವೇ ನಿಮಿಷಗಳಲ್ಲಿ ಮಾಡಬೇಕಾಗುತ್ತದೆ. ಕಾಯುತ್ತ ಕೂತರೆ ಪೈಲಟ್‌ಗಳ ಡ್ಯೂಟಿ ಅವಧಿ ಮುಗಿದು, ತಡವಾಗಿ ಹೊರಡಬೇಕಿದ್ದ ವಿಮಾನ ಪೂರ್ತಿ ರದ್ದಾಗುವುದೂ ಉಂಟು. ಎಷ್ಟು ಹೊತ್ತು ಕಾಯಬಹುದು ಎಂಬುದನ್ನು ಮಾರ್ಗವಾರು ಮೊದಲೇ ಬರೆದಿಡುವುದೇ ಲೇಸು.

ಪಾರ್ಸೆಲ್ ಸಿಗುವುದು ಸಂಜೆ, ತಲುಪಬೇಕಾದದ್ದು ಮರುದಿನ ಬೆಳಿಗ್ಗೆ. ಹಾಗಾಗಿ ಎಕ್ಸ್‌ಪ್ರೆಸ್ ಸರಕಿನ ವಿಮಾನ ದಿನಕ್ಕೆ ಕೆಲವೇ ಗಂಟೆ ಹಾರಿ, ಹಗಲೆಲ್ಲ ನಿಂತಿರುತ್ತದೆ. ಹೊಸ ವಿಮಾನ ಕೊಂಡರೆ ಅಷ್ಟು ಕಡಿಮೆ ಹಾರಾಟದಲ್ಲಿ ಅದರ ಕಂತು ಹುಟ್ಟುವುದಿಲ್ಲ. ಪ್ರಯಾಣಿಕರನ್ನು ಹೊತ್ತು ಹಳೆಯದಾದ ವಿಮಾನವನ್ನು ಅಗ್ಗಕ್ಕೆ ಕೊಂಡು ಮಾರ್ಪಡಿಸುವುದು ಇದಕ್ಕಾಗಿಯೇ. ಸೀಟು ಕಿತ್ತು, ಕಿಟಕಿ ಮುಚ್ಚಿ, ನೆಲ ಬಲಪಡಿಸಿ, ಮುಂಭಾಗದ ಎಡಮೈಯಲ್ಲಿ ದೊಡ್ಡ ಬಾಗಿಲು ಕೊರೆಯುತ್ತಾರೆ. ನೆಲಕ್ಕೆ ರೋಲರ್ ಮತ್ತು ಲಾಕ್‌ಗಳು, ಕಾಕ್‌ಪಿಟ್ ಹಿಂದೆ ಸರಕು ಮುನ್ನುಗ್ಗದಂತೆ ತಡೆಗೋಡೆ. ಇಂಧನ ಹೆಚ್ಚು ಕುಡಿದರೂ ಹಾರುವ ಗಂಟೆ ಕಡಿಮೆಯಾದ್ದರಿಂದ ಲೆಕ್ಕ ಸರಿಹೋಗುತ್ತದೆ. ಚೆನ್ನೈ ಮೂಲದ ಬ್ಲೂ ಡಾರ್ಟ್ ಏವಿಯೇಷನ್ 1996ರಲ್ಲಿ ಬೋಯಿಂಗ್ 737-200 ವಿಮಾನಗಳಿಂದ ಆರಂಭಿಸಿ, 2006ರಲ್ಲಿ 757-200ಕ್ಕೆ ಬಂದದ್ದು ಇದೇ ದಾರಿಯಲ್ಲಿ.

ಇನ್ನು ಲೋಡಿಂಗ್. ನಮ್ಮ ದೃಷ್ಟಿಯಲ್ಲಿ ಸರಕು ವಿಮಾನ ಸೇವೆಯ ಜೀವಾಳ ಇದೇ. ಮೊದಲು ತೂಕ. ಹಗುರವಾದರೂ ಹೆಚ್ಚು ಜಾಗ ಹಿಡಿಯುವ ಪೆಟ್ಟಿಗೆಗೆ ಬಾಡಿಗೆ ಹಾಕುವುದು ಅದರ ಗಾತ್ರ ನೋಡಿ. 60 × 50 × 40 ಸೆಂ.ಮೀ. ಪೆಟ್ಟಿಗೆಯ ಗಾತ್ರ 1,20,000 ಘನ ಸೆಂ.ಮೀ.; ಅದನ್ನು 6,000ದಿಂದ ಭಾಗಿಸಿದರೆ 20. ಪೆಟ್ಟಿಗೆ 12 ಕೆ.ಜಿ. ತೂಗಿದರೂ ಬಾಡಿಗೆ 20 ಕೆ.ಜಿ.ಗೆ. ಆದರೆ ಲೋಡ್‌ಶೀಟ್‌ಗೆ, ಅಂದರೆ ವಿಮಾನದಲ್ಲಿ ಎಲ್ಲೆಲ್ಲಿ ಎಷ್ಟು ಭಾರವಿದೆ ಎಂದು ಬರೆಯುವ ಪಟ್ಟಿಗೆ, ಹೋಗಬೇಕಾದದ್ದು 12 ಮಾತ್ರ. ಬಿಲ್ಲಿನ ತೂಕವನ್ನೇ ಲೋಡ್‌ಶೀಟ್‌ಗೆ ಇಳಿಸಿದರೆ ವಿಮಾನದ ಸಮತೋಲನದ ಲೆಕ್ಕವೇ ಸುಳ್ಳಾಗುತ್ತದೆ. ಮಳೆಗಾಲದಲ್ಲಿ ಬಲೆ, ರಟ್ಟು, ಮರದ ಹಲಗೆ ನೀರು ಕುಡಿದು ಭಾರವಾಗುತ್ತವೆ. ನೆನೆದ ಪ್ಯಾಲೆಟ್ಟನ್ನು, ಅಂದರೆ ಸರಕು ಕಟ್ಟಿದ ತಟ್ಟೆಯನ್ನು, ಮತ್ತೆ ತೂಗಬೇಕು.

ಪ್ಯಾಲೆಟ್ ಎಂದರೆ 318 × 224 ಸೆಂ.ಮೀ.ನ ಅಲ್ಯೂಮಿನಿಯಂ ತಟ್ಟೆ. ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಕೊನೆಗೆ ಬಲೆ. ವಿಮಾನದ ಒಳಮೈ ಬಾಗಿರುವುದರಿಂದ ಪ್ಯಾಲೆಟ್‌ನ ಮೇಲಂಚೂ ಅದೇ ಬಾಗಿನಲ್ಲಿರಬೇಕು. ಒಂದು ಪೆಟ್ಟಿಗೆಯ ಮೂಲೆ ನಾಲ್ಕು ಬೆರಳು ಹೊರಚಾಚಿದರೂ ಪ್ಯಾಲೆಟ್ ಒಳಗೆ ಹೋಗದು, ವಿಮಾನದ ಬಾಗಿಲಲ್ಲಿ ಬಲೆ ಬಿಚ್ಚಿ ಮತ್ತೆ ಕಟ್ಟಬೇಕು. ಅಳತೆಯ ಚೌಕಟ್ಟು ಇಟ್ಟು ಗೋದಾಮಿನಲ್ಲೇ ನೋಡಿಬಿಟ್ಟರೆ ಈ ಪಾಡಿಲ್ಲ. ನೆಲದ ತಾಳಿಕೆಯನ್ನೂ ಮರೆಯುವಂತಿಲ್ಲ. 800 ಕೆ.ಜಿ. ಯಂತ್ರದ ಕಾಲುಗಳು ಒಟ್ಟು 0.2 ಚದರ ಮೀಟರ್ ಮೇಲೆ ನಿಂತರೆ ಒತ್ತಡ ಚದರ ಮೀಟರ್‌ಗೆ 4,000 ಕೆ.ಜಿ.; ಕೆಳಗೆ ಗಟ್ಟಿ ಹಲಗೆ ಹಾಸಿ ಒಂದು ಚದರ ಮೀಟರ್‌ಗೆ ಹರಡಿದರೆ 800.

ಬಾಗಿಲು ಮುಂದಿರುವುದರಿಂದ ಮೊದಲು ಏರಿಸಿದ್ದು ಹಿಂದಕ್ಕೇ ಹೋಗುತ್ತದೆ. ಇಳಿಸುವಾಗ ಮೊದಲು ಖಾಲಿಯಾಗುವುದು ಮುಂಭಾಗ. ಎರಡೂ ಹೊತ್ತಿನಲ್ಲಿ ಹಿಂಭಾಗ ಭಾರ. ಎಚ್ಚರ ತಪ್ಪಿದರೆ ಮೂಗಿನ ಚಕ್ರ ಮೇಲೆದ್ದು ಬಾಲ ನೆಲಕ್ಕೆ ಬಡಿಯುತ್ತದೆ. ಎಟಿಆರ್ 72ರಂಥ ಸಣ್ಣ ಪ್ರೊಪೆಲ್ಲರ್ ವಿಮಾನಕ್ಕೆ ಬಾಲದ ಕೆಳಗೆ ಊರುಗೋಲು ಕೊಡದೆ ಕೆಲಸ ಶುರು ಮಾಡಬಾರದು. ಇಳಿಸುವ ಹೊತ್ತಿನ ಅಪಾಯ ಹೆಚ್ಚು, ಏಕೆಂದರೆ ಅಲ್ಲಿ ಎಲ್ಲರಿಗೂ ಮುಗಿಸುವ ಆತುರ. ನೆಲದ ಮೇಲಿನ ತಪ್ಪು ಕಣ್ಣಿಗಾದರೂ ಬೀಳುತ್ತದೆ. ಲೋಡ್‌ಶೀಟ್‌ನಲ್ಲಿರುವುದೇ ಬೇರೆ, ಒಳಗಿರುವುದೇ ಬೇರೆ ಆದರೆ ಗೊತ್ತಾಗುವುದು ವಿಮಾನ ನೆಲ ಬಿಟ್ಟ ಮೇಲೆ. 1997ರ ಆಗಸ್ಟ್ 7ರಂದು ಮಯಾಮಿಯಲ್ಲಿ ಫೈನ್ ಏರ್‌ನ ಡಿಸಿ-8 ಬಿದ್ದದ್ದು ಹಾಗೆ. ಗುರುತ್ವ ಕೇಂದ್ರ ಹಿಂದೆ ಸರಿದಿತ್ತು, ಏರುತ್ತಲೇ ಮೂಗು ಅತಿಯಾಗಿ ಮೇಲೆದ್ದಿತು. ಐದು ಜೀವ ಹೋಯಿತು. ಪ್ರತಿ ಪ್ಯಾಲೆಟ್‌ನ ಸಂಖ್ಯೆಯನ್ನು ಅದಿರುವ ಜಾಗದ ಜೊತೆ ಗಟ್ಟಿಯಾಗಿ ಓದಿ ತಾಳೆ ನೋಡುವುದನ್ನು, ಲಾಕ್‌ಗಳನ್ನು ಕೈಯಿಂದ ಮುಟ್ಟಿ ನೋಡುವುದನ್ನು ಯಾವ ಗಡಿಬಿಡಿಯಲ್ಲೂ ಬಿಡಕೂಡದು.

ಕೊನೆಗೆ ವ್ಯಾಪಾರದ ಮಾತು. ಪ್ರಯಾಣಿಕ ಹೋದವನು ವಾಪಸು ಬರುತ್ತಾನೆ, ಸರಕು ಬರುವುದಿಲ್ಲ. ಹೋಗುವಾಗ ತುಂಬಿದ ವಿಮಾನ ಬರುವಾಗ ಅರ್ಧ ಖಾಲಿ, ಇಂಧನದ ಖರ್ಚು ಮಾತ್ರ ಎರಡೂ ಕಡೆ. ಕ್ಯಾಪ್ಟನ್ ಗೋಪಿನಾಥ್ ಅವರು 2009ರಲ್ಲಿ ಶುರು ಮಾಡಿದ ಸರಕು ಸಾಗಣೆ ಸಂಸ್ಥೆ ಡೆಕ್ಕನ್ 360 ಮತ್ತೆ ನಾಗಪುರವನ್ನೇ ಹಬ್ ಮಾಡಿಕೊಂಡು ಏರ್‌ಬಸ್ 310 ಮತ್ತು ಎಟಿಆರ್‌ಗಳನ್ನು ಹಾರಿಸಿತು. ಕಲ್ಪನೆ ಚೆನ್ನಾಗಿತ್ತು, ಆದರೂ ಕೆಲವೇ ವರ್ಷಗಳಲ್ಲಿ ಸೇವೆ ನಿಂತಿತು. ಬ್ಲೂ ಡಾರ್ಟ್‌ಗೆ ತನ್ನದೇ ಕೊರಿಯರ್ ಜಾಲದ ಸರಕಿತ್ತು ಎಂಬುದು ಇವೆರಡರ ನಡುವಿನ ದೊಡ್ಡ ಅಂತರ. 2023ರ ಜನವರಿಯಲ್ಲಿ ಬೆಂಗಳೂರಿನ ಸರಕು ವಿಮಾನ ಸಂಸ್ಥೆ ಕ್ವಿಕ್‌ಜೆಟ್ ಅಮೆಜಾನ್‌ಗಾಗಿ 737-800 ಹಾರಿಸತೊಡಗಿದಾಗ ಇಡೀ ವಿಮಾನದ ಜಾಗವನ್ನು ಒಬ್ಬರೇ ಗ್ರಾಹಕರು ಹಿಡಿದರು. ಹೊಸದಾಗಿ ಇಳಿಯುವವರು ವಿಮಾನದ ಮಾತುಕತೆಗೆ ಕೂರುವ ಮೊದಲು, ಮರಳುವ ದಾರಿಯ ಸರಕು ಯಾರದು, ವಾರಕ್ಕೆ ಎಷ್ಟು ಟನ್, ಅಷ್ಟು ಬಾರದಿದ್ದರೆ ಹಣ ಯಾರು ಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆದಿರಬೇಕು.